ಡ್ರಾಕುಲಾ ಬಂದಿಳಿದ ಊರಿನಲ್ಲಿ

‘ಡ್ರಾಕುಲಾನ ಗೋರಿ ಎಲ್ಲಿದೆ ಅಂತ ಇಲ್ಲಿನವರನ್ನು ಕೇಳಬೇಡಿ, ಅಂಥದ್ದು ಇಲ್ಲಿಲ್ಲ.’ ಈ ಅರ್ಥದ ಚೀಟಿಯೊಂದನ್ನು ಒಂದು ಚರ್ಚಿನವರು ಅಂಟಿಸಿದ್ದಾರೆ ಎಂದರೆ ನೀವು ನಗುತ್ತೀರಿ. ನಾನೂ ನಕ್ಕೆ. ಆದರೆ ಚರ್ಚಿನವರ ಕಷ್ಟ ಚರ್ಚಿನವರಿಗೇ ಗೊತ್ತು! ಹುಟ್ಟೇ ಇಲ್ಲದ ಮನುಷ್ಯನ ಸಮಾಧಿ ಹುಡುಕಿಕೊಂಡು ದೇಶದೇಶಗಳಿಂದ ಜನ 199 ಮೆಟ್ಟಿಲು ಹತ್ತಿ ಬರುತ್ತಾರೆ. ಏದುಸಿರು ಬಿಡುತ್ತಾ ಮೊದಲು ಕೇಳುವ ಪ್ರಶ್ನೆಯೇ ಅದು. ನಮ್ಮಲ್ಲೂ ಶೂಟಿಂಗ್ ಆದ ಮನೆ, ಹೀರೋ ಒರಗಿ ನಿಂತ ಮರ ಅಂತ ಹುಡುಕಿಕೊಂಡು ಹೋಗುವ ಅಭಿಮಾನಿಗಳಿಲ್ಲವೇ? ಆದರೆ ಇದು ಶೂಟಿಂಗಿನಿಂದ ಹೆಸರಾದ ಊರಲ್ಲ. ಒಂದು ಕಾದಂಬರಿಯ ಮೂರು ಅಧ್ಯಾಯ ನಡೆದ ಊರು, ಅಷ್ಟೆ.

ಊರಿನ ಹೆಸರು ವಿಟ್ಬಿ. ಇಂಗ್ಲೆಂಡಿನ ಈಶಾನ್ಯ ಕರಾವಳಿ, ಯಾರ್ಕ್‌ಶೈರ್ ಸೀಮೆ. ಎಸ್ಕ್ ಎಂಬ ಪುಟ್ಟ ನದಿ ಇಲ್ಲಿ ಉತ್ತರ ಸಮುದ್ರ ಸೇರುತ್ತದೆ. ನದಿಯ ಆಚೆಗೊಂದು ಕಡಿದಾದ ಗುಡ್ಡ, ಈಚೆಗೊಂದು. ಪೂರ್ವದ ಗುಡ್ಡದ ನೆತ್ತಿಯಲ್ಲಿ ಸೇಂಟ್ ಮೇರಿ ಚರ್ಚು, ಅದರ ಸುತ್ತ ಸ್ಮಶಾನ, ಅದರ ಬೆನ್ನಿಗೆ ಚಾವಣಿ ಹಾರಿಹೋದ ಹಳೇ ಮಠ. ಕ್ರಿ.ಶ. 657ರಲ್ಲಿ ಹಿಲ್ಡಾ ಎಂಬ ಸನ್ಯಾಸಿನಿ ಕಟ್ಟಿಸಿದ ಮಠದ ಜಾಗವದು. ಇಂದು ಕಾಣುವ ಕಮಾನುಗಳು ಆಮೇಲಿನ ಕಾಲದವು. ಸಂಜೆ ಹೊತ್ತು ಆ ಕಮಾನುಗಳ ಹಿಂದೆ ಬೆಳಕು ಬಿದ್ದಾಗ ನೋಡಬೇಕು... ಆರ್ಟ್ ಡೈರೆಕ್ಟರ್ ಕೋಟಿ ಸುರಿದರೂ ಅಂಥ ಸೆಟ್ ಎಬ್ಬಿಸಲಾರ.

ಇಂಥ ಊರಿಗೆ 2023ರ ಸೆಪ್ಟೆಂಬರಿನಲ್ಲಿ ಅರಸೀಕೆರೆಯ ನಾನು ಹೋದದ್ದು ಹೇಗೆ? ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ‘ಯಾವ ಪ್ರೊಡ್ಯೂಸರ್ ಕಳಿಸಿದ್ದು ಗುರು?’ ಅಂತ ಕೇಳುವವರಿದ್ದಾರೆ.

ಭಾವ ಒಡ್ಡಿದ ಪಂದ್ಯ

ನನ್ನ ಅಕ್ಕ ನರ್ಸು. ಅಲ್ಲಿನ ಮಿಡಲ್ಸ್‌ಬರೋ ಎಂಬ ಊರಿನ ಆಸ್ಪತ್ರೆಯಲ್ಲಿ ಅವಳ ಕೆಲಸ. ಭಾವನವರದ್ದೂ ಅದೇ ಊರಿನಲ್ಲಿ ನೌಕರಿ. ಟಿಕೆಟ್ ಅವರದು, ಊಟ ಅವರದು, ಮಲಗಲು ಅವರ ಸೋಫಾ. ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಪತ್ರಿಕೆಗಳಿಗೆ ಬರೆದುಕೊಂಡಿರುವ ಬಾಮೈದ ಒಂದು ತಿಂಗಳು ಕಣ್ಣೆದುರಿಗಿರಲಿ ಎಂಬ ಪ್ರೀತಿ.

ಒಂದು ರಾತ್ರಿ ಭಾವ ಒಂದು ಹಳೇ ಪುಸ್ತಕ ನನ್ನ ಮುಂದೆ ಇಟ್ಟರು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದು ಪೌಂಡಿಗೆ ತಂದದ್ದು. ‘ಡ್ರಾಕುಲಾ’. ಬರೆದವನು ಬ್ರಾಮ್ ಸ್ಟೋಕರ್.

ನನಗೆ ನಗು ಬಂತು. “ಭಾವ, ಇವನನ್ನ ನಾನು ಎಷ್ಟು ಸಲ ನೋಡಿಲ್ಲ! ಕರೀ ಕೋಟು, ಕೋರೆಹಲ್ಲು, ಟೊಮ್ಯಾಟೊ ಸಾಸು. ರಾಮ್ಸೇ ಬ್ರದರ್ಸ್‌ದು 1990ರ ‘ಬಂದ್ ದರವಾಜಾ’ ಟೀವೀಲಿ ಬಂದಾಗ ನಮ್ಮನೇಲಿ ಚಿಕ್ಕಮಕ್ಕಳೇ ನಗ್ತಿದ್ರು.”

“ಮೊದಲ ನಾಲ್ಕು ಅಧ್ಯಾಯ ಓದಯ್ಯಾ. ಹಿಡಿಸಲಿಲ್ಲ ಅಂದ್ರೆ ನಿಂಗೆ ಲಂಡನ್ ಟ್ರಿಪ್ಪು, ಖರ್ಚು ನಂದು. ಹಿಡಿಸಿದ್ರೆ ವಿಟ್ಬಿಗೆ ಹೋಗು, ಖರ್ಚು ನಿಂದು.”

ಪಂದ್ಯ ನ್ಯಾಯವಾಗಿಯೇ ಇತ್ತು. ನನ್ನ ತಕರಾರುಗಳೂ ಗಟ್ಟಿಯಾಗಿದ್ದವು. ಒಂದು, ದೆವ್ವ ಅನ್ನೋದು ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು. ಹಿನ್ನೆಲೆ ಸಂಗೀತ ಇಲ್ಲದೆ ಯಾರಿಗೆ ಹೆದರಿಕೆ? 1979ರ ‘ನಾ ನಿನ್ನ ಬಿಡಲಾರೆ’ ನೋಡಿ ನಮ್ಮ ಅಪ್ಪನ ಕಾಲದವರು ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ್ದು ಅನಂತನಾಗ್ ಮುಖ ನೋಡಿ, ಅಚ್ಚಿನ ಅಕ್ಷರ ನೋಡಿ ಅಲ್ಲ. ಎರಡು, ಪುಸ್ತಕ 1897ರದು. ಅಷ್ಟು ಹಳೇ ಹೆದರಿಕೆ ಇಷ್ಟರಲ್ಲಿ ಹಳಸಿರಲೇಬೇಕು. ಮೂರು, ಇಪ್ಪತ್ತೇಳು ಅಧ್ಯಾಯದ ಇಂಗ್ಲಿಷು! ನನ್ನ ಇಂಗ್ಲಿಷು ಸಬ್‌ಟೈಟಲ್‌ನಿಂದ ಕಲಿತದ್ದು. ಎರಡು ಸಾಲಿಗಿಂತ ಹೆಚ್ಚು ಒಟ್ಟಿಗೆ ಬಂದರೆ ಸುಸ್ತಾಗುತ್ತದೆ.

ಲಂಡನ್ ಗ್ಯಾರಂಟಿ ಅಂದುಕೊಂಡು ಪುಸ್ತಕ ತೆಗೆದೆ.

ರೈಲು ಒಂದು ಗಂಟೆ ಲೇಟು

ಏನಾಯಿತು ಗೊತ್ತೆ? ಕಥೆ ಶುರುವಾಗುವುದು ದೆವ್ವದಿಂದಲ್ಲ, ರೈಲು ಲೇಟಾದದ್ದರಿಂದ! ಜೊನಾಥನ್ ಹಾರ್ಕರ್ ಎಂಬ ಎಳೇ ವಕೀಲ ಡೈರಿ ಬರೆಯುತ್ತಿದ್ದಾನೆ. ಯಾವ ಊರಿಗೆ ಎಷ್ಟು ಹೊತ್ತಿಗೆ ಸೇರಬೇಕಿತ್ತು, ರೈಲು ಎಷ್ಟು ತಡವಾಯಿತು ಅಂತ ಲೆಕ್ಕ ಹಾಕುತ್ತಾನೆ. ದಾರಿಯಲ್ಲಿ ತಿಂದ ಖಾರದ ಕೋಳಿ ಸಾರು ಹಿಡಿಸಿತು, ಮಾಡುವ ಬಗೆ ಕೇಳಿಕೊಂಡು ಹೋಗಿ ತಾನು ಮದುವೆಯಾಗುವ ಮೀನಾಗೆ ಕೊಡಬೇಕು ಅಂತ ಗುರುತು ಹಾಕಿಕೊಳ್ಳುತ್ತಾನೆ. ಜಂಕ್ಷನ್ ಊರಿನಲ್ಲಿ ಹುಟ್ಟಿ, ಲೇಟಾದ ರೈಲಿಗೆ ಕಾದೇ ಬೆಳೆದವನು ನಾನು. ಈ ಹುಡುಗ ಸುಳ್ಳು ಹೇಳುವವನಲ್ಲ ಅಂತ ಎರಡನೇ ಪುಟಕ್ಕೇ ಅನ್ನಿಸಿಬಿಟ್ಟಿತು.

ಇದೇ ನೋಡಿ ಸ್ಟೋಕರನ ಕಿತಾಪತಿ. ಮೊದಲು ನಂಬಿಕೆ ಹುಟ್ಟಿಸುತ್ತಾನೆ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತಾನೆ. ಹಾರ್ಕರ್ ಕೋಟೆ ಸೇರುತ್ತಾನೆ. ಆಳುಕಾಳು ಒಬ್ಬರೂ ಇಲ್ಲ. ಒಂದು ದಿನ ಬಾಗಿಲ ಸಂದಿಯಿಂದ ಇಣುಕಿದರೆ, ಯಜಮಾನನೇ ಟೇಬಲ್ ಸಿದ್ಧ ಮಾಡುತ್ತಿದ್ದಾನೆ, ಹಾಸಿಗೆ ಹಾಸುತ್ತಿದ್ದಾನೆ! ಕೋರೆಹಲ್ಲಿಗೆ ಹೆದರದ ನಾನು ಆ ಹಾಸಿಗೆ ಹಾಸುವ ದೃಶ್ಯಕ್ಕೆ ಎದ್ದು ಲೈಟ್ ಹಾಕಿದೆ. ಇಷ್ಟು ದೊಡ್ಡ ಮನೆಯಲ್ಲಿ ಇರುವವರು ಇಬ್ಬರೇ ಎಂಬುದು ಓದುಗನಿಗೂ ಹಾರ್ಕರ್‌ಗೂ ಒಂದೇ ಕ್ಷಣಕ್ಕೆ ತಿಳಿಯುತ್ತದೆ. ಇಲ್ಲಿ ಯಾವ ಪಿಟೀಲು ಕುಯ್ಯುವ ಅಗತ್ಯವೂ ಇಲ್ಲ.

ಇನ್ನೊಂದು ವಿಷಯ. ಈ ನಾಲ್ಕು ಅಧ್ಯಾಯ ಮುಗಿದ ಮೇಲೆ ಡ್ರಾಕುಲಾ ಹೆಚ್ಚುಕಡಿಮೆ ಮಾಯ! ಇಡೀ ಕಾದಂಬರಿ ಬೇರೆಯವರ ಡೈರಿ, ಕಾಗದ, ತಂತಿ, ಪೇಪರ್ ಕಟಿಂಗು, ಹಡಗಿನ ಕ್ಯಾಪ್ಟನ್ ಬರೆದಿಟ್ಟ ದಿನಚರಿ, ಡಾಕ್ಟರ್ ಒಬ್ಬ ಗ್ರಾಮಫೋನಿನಂಥ ಯಂತ್ರದಲ್ಲಿ ರೆಕಾರ್ಡ್ ಮಾಡಿದ ಮಾತು, ಇಷ್ಟರಿಂದಲೇ ಆಗಿದೆ. ವಿಲನ್ ಡೈರಿ ಬರೆಯುವುದಿಲ್ಲ. ಕಿಟಕಿಯಾಚೆ ಒಂದು ನೆರಳು, ಒಂದು ಬಾವಲಿ, ಮಂಜು... ಅಷ್ಟೆ. ಸಿನಿಮಾದವರು ಇದನ್ನು ತಿಳಿಯದವರೇನಲ್ಲ. 1931ರ ಚಿತ್ರದಲ್ಲಿ ಬೆಲಾ ಲುಗೋಸಿ ಕೋರೆಹಲ್ಲು ತೋರಿಸುವುದೇ ಇಲ್ಲ. 1958ರ ಚಿತ್ರದಲ್ಲಿ ಕ್ರಿಸ್ಟೋಫರ್ ಲೀ ಶುರುವಿನ ಕೆಲವು ದೃಶ್ಯ ಬಿಟ್ಟರೆ ಮಾತೇ ಆಡುವುದಿಲ್ಲ. 1966ರ ಚಿತ್ರದಲ್ಲಂತೂ ಒಂದೇ ಒಂದು ಡೈಲಾಗೂ ಇಲ್ಲ!

ಪರದೆಯ ಮೇಲೆ ನಾವು ನೋಡಿ ನಂಬಿದ ಎಷ್ಟೋ ಸಂಗತಿ ಪುಸ್ತಕದಲ್ಲಿ ಇಲ್ಲವೂ ಇಲ್ಲ. ಬಿಸಿಲು ಬಿದ್ದರೆ ರಕ್ತಪಿಶಾಚಿ ಸತ್ತುಹೋಗುತ್ತದೆ ಎಂಬುದು 1922ರ ಜರ್ಮನ್ ಚಿತ್ರ ‘ನೊಸ್ಫೆರಾಟು’ ಹುಟ್ಟಿಸಿದ್ದು. ಸ್ಟೋಕರನ ಡ್ರಾಕುಲಾ ಹಾಡುಹಗಲೇ ಲಂಡನ್ನಿನ ಪಿಕಾಡಿಲಿ ಬೀದಿಯಲ್ಲಿ ನಿಂತಿರುತ್ತಾನೆ. ಎತ್ತರದ ಕಾಲರಿನ ನಿಲುವಂಗಿ ಆಮೇಲೆ ನಾಟಕದವರು ತೊಡಿಸಿದ್ದು. ಕಡೆಗೆ ಅವನನ್ನು ಮುಗಿಸುವುದು ಎರಡು ಕತ್ತಿ. ಅದರಲ್ಲೊಂದು ನಮ್ಮ ಗೂರ್ಖಾಗಳ ಖುಕ್ರಿ!

ಮತ್ತೆ ಈ ಕಟ್ಟಳೆ ಕೇಳಿ: ಮನೆಯವರು ಯಾರಾದರೂ ಒಮ್ಮೆ ‘ಬಾ’ ಅನ್ನದೆ ಅವನು ಹೊಸಿಲು ದಾಟುವಂತಿಲ್ಲ. ಓದುತ್ತಾ ನನಗೆ ತಟ್ಟನೆ ನಮ್ಮ ‘ನಾಳೆ ಬಾ’ ನೆನಪಾಯಿತು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಹಳ್ಳಿಗಳವರೆಗೆ ಬಾಗಿಲ ಮೇಲೆ ಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆದಿರುತ್ತಿದ್ದರಲ್ಲ, ಅದೇ. ರಾತ್ರಿ ಪರಿಚಯದವರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ ವಾಪಸ್ ಹೋಗಬೇಕು. ನಮ್ಮ ಬೀದಿಯಲ್ಲೂ ಬರೆದಿದ್ದರು ಅಂತ ಅಮ್ಮ ಹೇಳುತ್ತಿದ್ದಳು. ಬೇರೆ ಬೇರೆ ಸಮುದ್ರದ ಜನ, ಆದರೆ ಹೊಸಿಲಿನ ಲೆಕ್ಕಾಚಾರ ಒಂದೇ.

ನಾಲ್ಕು ಅಧ್ಯಾಯ ಮುಗಿದಾಗ ಬೆಳಗಿನ ಜಾವ ಮೂರು ಗಂಟೆ. ಲಂಡನ್ ಕೈ ತಪ್ಪಿತು. ಐದನೇ ಅಧ್ಯಾಯ ತಿರುಗಿಸಿದೆ.

ಹೀರೋನ ಮ್ಯಾನೇಜರ್

ಸ್ಟೋಕರ್ ಯಾರು ಅಂತ ತಿಳಿದರೆ ನಮ್ಮ ಓದುಗರಿಗೆ ಅವನು ಇನ್ನೂ ಹತ್ತಿರವಾಗುತ್ತಾನೆ. ಅವನು ಪಂಡಿತನಲ್ಲ, ಒಬ್ಬ ಸ್ಟಾರ್ ನಟನ ಮ್ಯಾನೇಜರ್! ಐರ್ಲೆಂಡಿನ ಡಬ್ಲಿನ್ ಹತ್ತಿರ 1847ರಲ್ಲಿ ಹುಟ್ಟಿದ. ಏಳು ವರ್ಷದವರೆಗೆ ಕಾಯಿಲೆಯಿಂದ ಹಾಸಿಗೆ ಬಿಟ್ಟೇಳಲಿಲ್ಲ. ಬೆಳೆದು ದೊಡ್ಡವನಾಗಿ ಲಂಡನ್ನಿನ ಲೈಸಿಯಂ ಥಿಯೇಟರ್ ಸೇರಿದ. ಅಲ್ಲಿನ ಹೀರೋ ಹೆನ್ರಿ ಐರ್ವಿಂಗ್. 1895ರಲ್ಲಿ ‘ಸರ್’ ಪದವಿ ಪಡೆದ ಮೊಟ್ಟಮೊದಲ ನಟ. ಟಿಕೆಟ್ ಲೆಕ್ಕ, ಪ್ರವಾಸದ ಏರ್ಪಾಡು, ಹೀರೋ ಪರವಾಗಿ ರಾಶಿ ರಾಶಿ ಕಾಗದ ಬರೆಯುವುದು, ಎಲ್ಲ ಸ್ಟೋಕರನ ತಲೆ ಮೇಲೆ. ಇಪ್ಪತ್ತೇಳು ವರ್ಷ ಹೀಗೇ ದುಡಿದ. ಬೇರೊಬ್ಬರ ಹೆಸರು ಮಿನುಗಲಿ ಅಂತ ಹಗಲೆಲ್ಲ ದುಡಿದು, ಬಿಡುವಿನಲ್ಲಿ ತನ್ನದನ್ನು ಬರೆದ.

1890ರ ಬೇಸಿಗೆ ರಜೆಗೆ ಅವನು ವಿಟ್ಬಿಗೆ ಬಂದ. ಪಶ್ಚಿಮದ ಗುಡ್ಡದ ಮೇಲೆ ರಾಯಲ್ ಕ್ರೆಸೆಂಟ್ ಎಂಬ ಅರ್ಧಚಂದ್ರಾಕಾರದ ಸಾಲುಮನೆಗಳಿವೆ. ಅಲ್ಲಿ ಆರನೇ ನಂಬರಿನಲ್ಲಿ ಬಾಡಿಗೆಗಿದ್ದ. ಅಷ್ಟು ಹೊತ್ತಿಗಾಗಲೇ ರಕ್ತಪಿಶಾಚಿ ಕಥೆ ತಲೆಯಲ್ಲಿತ್ತು. ವಿಲನ್‌ಗೆ ಇಟ್ಟ ಹೆಸರು ‘ಕೌಂಟ್ ವ್ಯಾಂಪಿರ್’. ಎಂಥ ಸಪ್ಪೆ ಹೆಸರು, ನೋಡಿ! ಬಂದರಿನ ಪಕ್ಕದ ಲೈಬ್ರರಿಯಲ್ಲಿ ಅವನಿಗೆ 1820ರ ಒಂದು ಪುಸ್ತಕ ಸಿಕ್ಕಿತು. ವಿಲಿಯಂ ವಿಲ್ಕಿನ್ಸನ್ ಎಂಬಾತ ಈಗಿನ ರೊಮೇನಿಯಾದ ಸೀಮೆಗಳ ಬಗ್ಗೆ ಬರೆದದ್ದು. ಅದರ ಅಡಿಟಿಪ್ಪಣಿಯಲ್ಲಿ ‘ಡ್ರಾಕುಲಾ’ ಎಂಬ ಹೆಸರು, ಅಲ್ಲಿನ ಭಾಷೆಯಲ್ಲಿ ಅದಕ್ಕೆ ಸೈತಾನ ಎಂಬ ಅರ್ಥ. ಅಷ್ಟು ಸಾಕಾಯಿತು. ಟ್ರಾನ್ಸಿಲ್ವೇನಿಯಾಕ್ಕೆ ಸ್ಟೋಕರ್ ತನ್ನ ಜೀವಮಾನದಲ್ಲಿ ಒಮ್ಮೆಯೂ ಕಾಲಿಡಲಿಲ್ಲ. ಅವನಿಗೆ ಡ್ರಾಕುಲಾ ಸಿಕ್ಕಿದ್ದು ಈ ಮೀನುಗಾರರ ಊರಿನಲ್ಲೇ.

ಹಡಗೂ ಇಲ್ಲಿಯದೇ. 1885ರ ಅಕ್ಟೋಬರ್ 24ರಂದು ‘ಡಿಮಿಟ್ರಿ’ ಎಂಬ ರಷ್ಯನ್ ಹಡಗು ಬಿರುಗಾಳಿಗೆ ಸಿಕ್ಕಿ ಪೂರ್ವದ ಗುಡ್ಡದ ಬುಡದ ಮರಳಿಗೆ ಬಂದು ಬಿದ್ದಿತ್ತು. ಅದು ನರ್ವ ಎಂಬ ಬಂದರಿನದು. ಸ್ಟೋಕರ್ ಕರಾವಳಿ ಕಾವಲಿನವರ ದಾಖಲೆಯಿಂದ ಅದನ್ನೆಲ್ಲ ನಕಲು ಮಾಡಿಕೊಂಡ. ಕಾದಂಬರಿಯಲ್ಲಿ ಹಡಗು ‘ಡಿಮೀಟರ್’ ಆಯಿತು, ಬಂದರು ನರ್ವದ ಬದಲು ವರ್ನ ಆಯಿತು. ಅಕ್ಷರ ತಿರುಗಿಸಿದರೆ ಮುಗಿಯಿತು!

ನಮ್ಮ ಬೇತಾಳನಿಗೂ ಈ ಕಥೆಗೂ ಒಂದು ಸಣ್ಣ ನಂಟಿದೆ. ಚಂದಮಾಮದಲ್ಲಿ ನಾವೆಲ್ಲ ಓದಿದ ವಿಕ್ರಮ-ಬೇತಾಳ ಕಥೆಗಳನ್ನು 1870ರಲ್ಲಿ ಇಂಗ್ಲಿಷಿನಲ್ಲಿ ಹೇಳಿದವನು ರಿಚರ್ಡ್ ಬರ್ಟನ್. ಬೇತಾಳನಿಗೆ ಅವನು ಇಟ್ಟ ಇಂಗ್ಲಿಷ್ ಹೆಸರೇ ‘ವ್ಯಾಂಪೈರ್’. ಈ ಬರ್ಟನ್ ಸ್ಟೋಕರನಿಗೆ ಪರಿಚಯದವನು. ಮಾತಾಡುವಾಗ ತುಟಿ ಮೇಲೆದ್ದು ಅವನ ಕೋರೆಹಲ್ಲು ಮಿಂಚುತ್ತಿದ್ದುದನ್ನು ಸ್ಟೋಕರ್ ಮುಂದೆ ಐರ್ವಿಂಗ್ ಬಗೆಗಿನ ನೆನಪುಗಳಲ್ಲಿ ಬರೆದಿದ್ದಾನೆ.

ಏಳು ವರ್ಷ ಬರೆದು 1897ರ ಮೇ ತಿಂಗಳಲ್ಲಿ ಪುಸ್ತಕ ಹೊರಬಂತು. ಹಳದಿ ರಟ್ಟು, ಕೆಂಪು ಅಕ್ಷರ, ಆರು ಶಿಲಿಂಗ್ ಬೆಲೆ. ದೊಡ್ಡ ದುಡ್ಡೇನೂ ಬರಲಿಲ್ಲ. 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿ ಐದು ದಿನಕ್ಕೆ, ಸ್ಟೋಕರ್ ತೀರಿಕೊಂಡ. ತನ್ನ ಕೌಂಟ್ ಪರದೆಗೆ ಏರಿ ಲೋಕವೆಲ್ಲ ಸುತ್ತುವುದನ್ನು ಅವನು ನೋಡಲೇ ಇಲ್ಲ. ‘ನೊಸ್ಫೆರಾಟು’ ತಂಡದವರು ಅನುಮತಿ ಪಡೆಯದೆ ಚಿತ್ರ ಮಾಡಿದಾಗ ಕೋರ್ಟಿಗೆ ಹೋಗಿ ಹೋರಾಡಿದ್ದು ಅವನ ಹೆಂಡತಿ ಫ್ಲಾರೆನ್ಸ್. ಪ್ರಿಂಟುಗಳನ್ನೆಲ್ಲ ನಾಶ ಮಾಡಿ ಅಂತ 1925ರಲ್ಲಿ ತೀರ್ಪಾಯಿತು. ಆದರೂ ಕೆಲವು ಉಳಿದುಕೊಂಡವು. ರಕ್ತಪಿಶಾಚಿ ಅಷ್ಟು ಸುಲಭಕ್ಕೆ ಸಾಯುತ್ತದೆಯೇ!

199 ಮೆಟ್ಟಿಲು

ಪಂದ್ಯದ ಪ್ರಕಾರ ನನ್ನ ಖರ್ಚಿನಲ್ಲೇ ಹೊರಟೆ. ಅಕ್ಕ ನೈಟ್ ಡ್ಯೂಟಿ ಮುಗಿಸಿ ಮೂರು ದಿನ ರಜದಲ್ಲಿದ್ದಳು, ಜೊತೆಗೆ ಬಂದಳು. ಮಿಡಲ್ಸ್‌ಬರೋದಿಂದ ಪುಟ್ಟ ರೈಲು, ಒಂದೂವರೆ ಗಂಟೆ ದಾರಿ. ಬ್ಯಾಟರ್ಸ್‌ಬಿ ಎಂಬಲ್ಲಿ ಡ್ರೈವರ್ ಇಳಿದು ಇನ್ನೊಂದು ತುದಿಗೆ ನಡೆದು ಹೋಗುತ್ತಾನೆ, ರೈಲು ಹಿಂದುಮುಂದಾಗಿ ಹೊರಡುತ್ತದೆ. ಆಮೇಲೆ ಎಸ್ಕ್ ನದಿಯ ಪಕ್ಕಪಕ್ಕಕ್ಕೇ ಪಯಣ. ವಿಟ್ಬಿ ಹತ್ತಿರವಾದಾಗ ತಲೆ ಮೇಲೆ ಹದಿಮೂರು ಕಮಾನಿನ ಇಟ್ಟಿಗೆ ಸೇತುವೆ. ಮೀನಾ ತನ್ನ ಡೈರಿಯಲ್ಲಿ ಅದನ್ನೂ ಗುರುತು ಮಾಡಿದ್ದಾಳೆ!

ಸ್ಟೇಷನ್ನಿನಿಂದ ಹೊರಬಂದರೆ ಉಪ್ಪುಗಾಳಿ, ಕಡಲಹಕ್ಕಿಗಳ ಕಿರುಚಾಟ, ಎಣ್ಣೆಯಲ್ಲಿ ಕರಿದ ಮೀನಿನ ವಾಸನೆ. ಮೊದಲು ಪಶ್ಚಿಮದ ಗುಡ್ಡಕ್ಕೆ ಹೋದೆವು. ತಿಮಿಂಗಿಲದ ಎಲುಬಿನಿಂದ ಮಾಡಿದ ಕಮಾನು, ಇಲ್ಲಿ ಹಡಗಿನ ಕೆಲಸ ಕಲಿತ ಕ್ಯಾಪ್ಟನ್ ಕುಕ್‌ನ ಪ್ರತಿಮೆ ನೋಡಿಕೊಂಡು ರಾಯಲ್ ಕ್ರೆಸೆಂಟ್ ಸೇರಿದೆವು. ಅಲ್ಲಿಂದ ಆಚೆಯ ಗುಡ್ಡದ ಚರ್ಚು, ಗೋರಿಕಲ್ಲು ಎಲ್ಲ ಕಾಣುತ್ತವೆ.

ಕಾದಂಬರಿಯ ನನ್ನ ಮೆಚ್ಚಿನ ದೃಶ್ಯ ಇಲ್ಲಿಂದಲೇ ಶುರು. ಆಗಸ್ಟ್ ತಿಂಗಳ ರಾತ್ರಿ ಮೀನಾಗೆ ಎಚ್ಚರವಾಗುತ್ತದೆ. ಪಕ್ಕದಲ್ಲಿ ಗೆಳತಿ ಲೂಸಿ ಇಲ್ಲ. ಲೂಸಿಗೆ ನಿದ್ದೆಯಲ್ಲಿ ನಡೆಯುವ ಕಾಯಿಲೆ. ಮೀನಾ ಶಾಲು ಹೊದ್ದು ಬೀದಿಗೆ ಓಡುತ್ತಾಳೆ. ಗಡಿಯಾರ ಒಂದು ಹೊಡೆಯುತ್ತದೆ. ಗುಡ್ಡದ ಅಂಚಿಗೆ ಬಂದು ನೋಡಿದರೆ ಆಚೆ ಗುಡ್ಡದಲ್ಲಿ, ಮೋಡದ ಸಂದಿಯ ಬೆಳದಿಂಗಳಲ್ಲಿ, ಅವರಿಬ್ಬರೂ ದಿನಾ ಕೂರುವ ಬೆಂಚಿನ ಮೇಲೆ ಬಿಳಿಯದೇನೋ ಒರಗಿದೆ. ಅದರ ಹಿಂದೆ ಕಪ್ಪಗಿನದೇನೋ ಬಾಗಿದೆ...

ಆ ಹುಡುಗಿ ಓಡಿದ ದಾರಿಯಲ್ಲಿ ನಾನೂ ಅಕ್ಕನೂ ನಡೆದೆವು. ಗುಡ್ಡ ಇಳಿದು, ಮೀನಿನ ಮಾರುಕಟ್ಟೆಯ ಪಕ್ಕ ಹಾದು, ಸೇತುವೆ ದಾಟಿ, ಚರ್ಚ್ ಸ್ಟ್ರೀಟಿನ ಕಲ್ಲುಹಾಸು ಬೀದಿ. ಇಕ್ಕೆಲದಲ್ಲೂ ‘ಜೆಟ್’ ಎಂಬ ಕಪ್ಪು ಕಲ್ಲಿನ ಒಡವೆ ಮಾರುವ ಅಂಗಡಿಗಳು. ಗಂಡ ಸತ್ತ ವಿಕ್ಟೋರಿಯಾ ರಾಣಿ ಶೋಕಕ್ಕೆಂದು ತೊಟ್ಟ ಮೇಲೆ ಅದಕ್ಕೆ ಬೇಡಿಕೆ ಏರಿತು. ಬೀದಿಯ ತುದಿಯಲ್ಲಿ ಮೆಟ್ಟಿಲು ಶುರು. ಎಣಿಸಿದೆ, 199. ನಡುನಡುವೆ ಅಗಲವಾದ ಕಟ್ಟೆಗಳಿವೆ. ಹಿಂದೆ ಶವ ಹೊತ್ತವರು ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಜಾಗಗಳು. ಹಗಲಿನಲ್ಲಿ, ಆರಾಮವಾಗಿ ನಡೆದ ನಮಗೆ ಸುಮಾರು ಇಪ್ಪತ್ತು ನಿಮಿಷ ಹಿಡಿಯಿತು. ಗೆಳತಿ ಆಚೆಗಿದ್ದಾಳೆ, ಕಣ್ಣಿಗೆ ಕಾಣುತ್ತಿದ್ದಾಳೆ, ಕೈಗೆ ಸಿಗುತ್ತಿಲ್ಲ. ನಡುವೆ ಒಂದು ಇಡೀ ಊರು ಮಲಗಿದೆ. ಆ ಇಪ್ಪತ್ತು ನಿಮಿಷವನ್ನು ಯಾವ ಚಿತ್ರವೂ ಹೀಗೆ ಅನುಭವಿಸಲು ಬಿಟ್ಟಿಲ್ಲ. 1979ರ ಚಿತ್ರದಲ್ಲಿ ವಿಟ್ಬಿ ಅಂತ ತೋರಿಸಿದ್ದು ಕಾರ್ನ್‌ವಾಲ್ ಕರಾವಳಿಯನ್ನು. 1992ರಲ್ಲಿ ಕೊಪ್ಪೊಲಾ ಮಾಡಿದ ಚಿತ್ರ ಬಹುಪಾಲು ಲಾಸ್ ಏಂಜಲೀಸಿನ ಸ್ಟುಡಿಯೋ ಒಳಗೇ ಮುಗಿದದ್ದು.

ಆದರೆ ನನ್ನನ್ನು ಕಟ್ಟಿಹಾಕಿದ್ದು ಇದಾದ ಮೇಲಿನ ಒಂದು ಸಣ್ಣ ವಿವರ. ಮೀನಾ ಗೆಳತಿಗೆ ಶಾಲು ಹೊದಿಸಿ ತನ್ನ ಪಾದರಕ್ಷೆ ಅವಳಿಗೆ ತೊಡಿಸುತ್ತಾಳೆ. ಈಗ ತನ್ನ ಕಾಲು ಬರಿಗಾಲು. ಅಪರಾತ್ರಿಯಲ್ಲಿ ಬರಿಗಾಲಿನ ಹೆಣ್ಣುಮಗಳನ್ನು ಯಾರಾದರೂ ಕಂಡರೆ ಏನು ಮಾತಾಡಿಯಾರು? ಅದಕ್ಕೆ ದಾರಿಯ ಕೆಸರನ್ನು ಕಾಲಿಗೆ ಮೆತ್ತಿಕೊಳ್ಳುತ್ತಾಳೆ, ಕತ್ತಲಲ್ಲಿ ಬೂಟಿನ ಹಾಗೆ ಕಾಣಲಿ ಅಂತ! ಬೆನ್ನ ಹಿಂದೆ ಪಿಶಾಚಿ ಇದ್ದರೂ ಹುಡುಗಿಗೆ ಊರಿನ ಬಾಯಿಯ ಭಯ. ಇದನ್ನು ಓದಿದಾಗ ಸ್ಟೋಕರ್ ಮನುಷ್ಯರನ್ನು ಬಲ್ಲವನು ಅಂತ ಒಪ್ಪಿಕೊಂಡೆ. ಮನುಷ್ಯರು ನಿಜವಾದರೆ ದೆವ್ವವೂ ನಿಜವಾಗುತ್ತದೆ.

ಪುಸ್ತಕದಲ್ಲಿ ಕುಂದು ಇಲ್ಲವೆಂದಲ್ಲ. ವ್ಯಾನ್ ಹೆಲ್ಸಿಂಗ್ ಪ್ರೊಫೆಸರ್ ಬಾಯಿ ತೆಗೆದರೆ ಭಾಷಣ. ಇಂಟರ್‌ವಲ್ ಆದಮೇಲೆ ಕೆಲವು ರೀಲು ಎಳೆಯುತ್ತದೆ. ಇಷ್ಟು ಜಾಣೆಯಾದ ಮೀನಾಳನ್ನು ‘ಹೆಂಗಸು, ಪಾಪ, ಹೆದರುತ್ತಾಳೆ’ ಅಂತ ಗಂಡಸರು ಆಲೋಚನೆಯಿಂದ ಹೊರಗಿಡುತ್ತಾರೆ. ಪಿಶಾಚಿ ನೇರ ಅವಳ ಹತ್ತಿರವೇ ಹೋಗುತ್ತದೆ. ಆದರೆ ಈ ಕಡೆಯದು ಸ್ಟೋಕರನ ಕುಂದಲ್ಲ, ಅವನು ಬೇಕೆಂದೇ ಇಟ್ಟ ಗುಂಡಿ ಅಂತ ನನಗನ್ನಿಸುತ್ತದೆ.

ಅಕ್ಕನ ನೋಟ್‌ಬುಕ್ಕು

ಚರ್ಚಿನ ಅಂಗಳದಲ್ಲಿ ಒಂದು ಬೆಂಚು ಹಿಡಿದು ಕೂತೆವು. ಕೆಳಗೆ ಸಮುದ್ರ. ಸುತ್ತಲಿನ ಗೋರಿಕಲ್ಲುಗಳನ್ನು ಕಡಲಗಾಳಿ ತಿಂದುಹಾಕಿದೆ. ಎಷ್ಟೋ ಕಲ್ಲುಗಳಲ್ಲಿ ಒಂದು ಅಕ್ಷರವೂ ಉಳಿದಿಲ್ಲ. ಕಾದಂಬರಿಯಲ್ಲಿ ಸ್ವೇಲ್ಸ್ ಎಂಬ ಹಣ್ಣುಹಣ್ಣು ಮುದುಕ ಇಲ್ಲೇ ಕೂತು ಹುಡುಗಿಯರಿಗೆ ಹೇಳುತ್ತಾನೆ: ಈ ಕಲ್ಲುಗಳ ಅರ್ಧಕ್ಕರ್ಧ ಸುಳ್ಳು, ಕೆಳಗೆ ದೇಹವೇ ಇಲ್ಲ, ಅವರೆಲ್ಲ ಕಡಲಲ್ಲಿ ಹೋದವರು. ನನ್ನ ಹಾಗೇ ಯಾವುದನ್ನೂ ನಂಬದ ಮುದುಕ. ಅವನ ಗತಿ ಏನಾಯಿತೆಂದು ನೀವೇ ಓದಿ.

ಅಕ್ಕ ಪುಸ್ತಕ ಓದಿಲ್ಲ. ಕಥೆ ನಾನೇ ಹೇಳಿದೆ. ಲೂಸಿಯ ರಕ್ತ ರಾತ್ರಿ ರಾತ್ರಿ ಇಳಿಯುತ್ತಾ ಹೋಗುವುದು, ಒಬ್ಬರಾದ ಮೇಲೊಬ್ಬರು ನಾಲ್ಕು ಗಂಡಸರು ಅವಳಿಗೆ ರಕ್ತ ಕೊಡುವುದು.

“ಗ್ರೂಪ್ ನೋಡ್ದೆ?” ಅಂತ ಅಕ್ಕ ಕಣ್ಣರಳಿಸಿದಳು.

“ಆಗ ಗ್ರೂಪ್ ಅನ್ನೋದೇ ಗೊತ್ತಿರ್ಲಿಲ್ಲ ಕಣೆ. ಪುಸ್ತಕ 1897. ಲ್ಯಾಂಡ್‌ಸ್ಟೈನರ್ ಅದನ್ನ ಕಂಡುಹಿಡಿದು ಬರೆದಿದ್ದು 1901.”

“ಹಾಗಿದ್ರೆ ಆ ಹುಡುಗೀನ ದೆವ್ವಕ್ಕಿಂತ ಮುಂಚೆ ಡಾಕ್ಟ್ರೇ ಮುಗಿಸಿರ್ತಾರೆ ಬಿಡು!”

ಇಬ್ಬರೂ ನಕ್ಕೆವು. ಆಮೇಲೆ, ಹಾಸಿಗೆ ಪಕ್ಕ ಅವರು ರಾತ್ರಿಯಿಡೀ ಪಾಳಿಯ ಮೇಲೆ ಕಾಯುವುದನ್ನು ಹೇಳಿದೆ. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು. ಕಿಟಕಿಗೆ ಬೆಳ್ಳುಳ್ಳಿ ಹೂವು ಕಟ್ಟಿದರೆ, ಏನೂ ಅರಿಯದ ತಾಯಿ ‘ಮಗಳಿಗೆ ಉಸಿರು ಕಟ್ಟೀತು’ ಅಂತ ಪ್ರೀತಿಯಿಂದ ಹೂವು ತೆಗೆದು ಕಿಟಕಿ ತೆರೆಯುತ್ತಾಳೆ. ಅಷ್ಟು ಜನ ಕಾದರೂ ಲೂಸಿ ಉಳಿಯುವುದಿಲ್ಲ.

ಅಕ್ಕ ಸುಮ್ಮನಾದಳು. ನಾನೂ ಸುಮ್ಮನಾದೆ. 2021ರ ಮೇ ತಿಂಗಳಲ್ಲಿ ನಮ್ಮ ಅಮ್ಮ ಹೋದದ್ದು. ಮನೆಯಲ್ಲೇ ಆಕ್ಸಿಜನ್ ಹಚ್ಚಿ ಅಪ್ಪ ಒಂದು ಪಾಳಿ, ನಾನೊಂದು ಪಾಳಿ ಕೂತಿದ್ದೆವು. ಅಕ್ಕ ಬರಲಾಗಲಿಲ್ಲ. ಅಂತ್ಯಕ್ರಿಯೆ ಅವಳು ನೋಡಿದ್ದು ಫೋನಿನ ಪರದೆಯಲ್ಲಿ. ಆಮೇಲೆ ಎರಡು ವರ್ಷ ನಾವಿಬ್ಬರೂ ಎಲ್ಲ ಮಾತಾಡಿದ್ದೇವೆ, ಆ ರಾತ್ರಿಗಳನ್ನು ಬಿಟ್ಟು.

“ಆ ಮೀನಾ ಏನ್ ಮಾಡ್ತಾಳೆ ಕೊನೆಗೆ?” ಅಂತ ಕೇಳಿದಳು.

ಮೀನಾ ಮಾಡುವುದು ಇಷ್ಟೆ. ಎಲ್ಲರ ಡೈರಿ, ಕಾಗದ, ತಂತಿ ಒಟ್ಟುಮಾಡಿ, ತಾರೀಖಿನ ಪ್ರಕಾರ ಜೋಡಿಸಿ ಟೈಪ್ ಮಾಡುತ್ತಾಳೆ. ಒಬ್ಬೊಬ್ಬರಿಗೂ ತಮ್ಮ ತಮ್ಮ ರಾತ್ರಿ ಮಾತ್ರ ಗೊತ್ತಿತ್ತು. ಜೋಡಿಸಿದಾಗ ಎಲ್ಲರ ರಾತ್ರಿಯೂ ಎಲ್ಲರಿಗೂ ಗೊತ್ತಾಗುತ್ತದೆ. ಪಿಶಾಚಿಯ ಸೋಲು ಶುರುವಾಗುವುದು ಅಲ್ಲಿ, ಕತ್ತಿಯಿಂದಲ್ಲ.

ಅಕ್ಕ ಬ್ಯಾಗಿನಿಂದ ಫೋನು ತೆಗೆದಳು. ಡ್ಯೂಟಿಯಲ್ಲಿ ದಿನಾ ಎರಡು ಸಾಲು ಬರೆಯುವ ಅಭ್ಯಾಸ ಅವಳಿಗೆ. ಆ ನೋಟ್‌ಬುಕ್ಕಿನ ಹಾಳೆಗಳ ಫೋಟೋ ಅದರಲ್ಲಿತ್ತು. ನನ್ನ ಫೋನಿನಲ್ಲಿ ನಮ್ಮ ಮನೆಯ ಗೋಡೆ ಕ್ಯಾಲೆಂಡರಿನ ಮೇ ತಿಂಗಳ ಹಾಳೆ. ತಾರೀಖಿನ ಚೌಕಗಳಲ್ಲಿ ಪೆನ್ಸಿಲಿನಲ್ಲಿ ನಾನು ಬರೆದ ಆಕ್ಸಿಜನ್ ಅಂಕಿಗಳು. ಎರಡನ್ನೂ ಅಕ್ಕಪಕ್ಕ ಹಿಡಿದೆವು. ಮೊದಲು ತಾಳೆಯಾಗಲಿಲ್ಲ. ಆಮೇಲೆ ಹೊಳೆಯಿತು: ನಮ್ಮ ಬೆಳಗಿನ ಜಾವ ಮೂರೂವರೆ ಅಂದರೆ ಅವಳಿಗೆ ಹಿಂದಿನ ದಿನದ ರಾತ್ರಿ ಹನ್ನೊಂದು. ಒಂದು ತಾರೀಖು ಹಿಂದಕ್ಕೆ ಹೋಗಬೇಕು.

ಹೋದೆವು. ಅಕ್ಕನ ಅಕ್ಷರ: ‘11 ಗಂಟೆ. ಆರನೇ ಬೆಡ್ಡಿನ ಅಜ್ಜನಿಗೆ ನೀರು ಕುಡಿಸಿದೆ. ಈಗ ನಿದ್ದೆ ಹತ್ತಿದೆ.’

ಅದೇ ಗಂಟೆಗೆ ಇಲ್ಲಿ ನಾನು ಅಮ್ಮನಿಗೆ ಚಮಚದಲ್ಲಿ ನೀರು ಹಾಕಿದ್ದೆ. ಕ್ಯಾಲೆಂಡರಿನಲ್ಲಿ ಅದಾದ ಮೇಲೆ ಅಂಕಿ ಇಲ್ಲ. ಅಕ್ಕ ಎರಡು ಫೋನನ್ನೂ ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು. ಅತ್ತಳು. ಕಣ್ಣೊರೆಸಿಕೊಂಡು, “ಅಂದ್ರೆ ನಾನೂ ಎಚ್ಚರಾನೇ ಇದ್ದೆ ಕಣೋ” ಅಂದಳು. ಅಷ್ಟೇ ಮಾತು. ಅಮ್ಮನ ಉಳಿದ ರಾತ್ರಿಗಳನ್ನೆಲ್ಲ ವಾಪಸ್ ಬರುವ ರೈಲಿನಲ್ಲಿ ಒಂದೊಂದಾಗಿ ಹೇಳಿದೆ, ಅವಳೂ ತನ್ನವನ್ನು ಹೇಳಿದಳು.

ಓದುಗರಿಗೆ ಒಂದು ಮಾತು

ವಿಟ್ಬಿಯವರು ಕೌಂಟ್‌ನನ್ನು ಚೆನ್ನಾಗಿಯೇ ದುಡಿಸಿಕೊಂಡಿದ್ದಾರೆ. 1994ರಲ್ಲಿ ಕಪ್ಪು ಬಟ್ಟೆಯ ‘ಗಾಥ್’ ಅಭಿಮಾನಿಗಳ ಜಾತ್ರೆ ಅಲ್ಲಿ ಶುರುವಾಯಿತು. 2022ರ ಮೇ 26ರಂದು, ಪುಸ್ತಕಕ್ಕೆ 125 ವರ್ಷವಾದಾಗ, ಹಳೇ ಮಠದ ಅಂಗಳದಲ್ಲಿ 1369 ಜನ ರಕ್ತಪಿಶಾಚಿ ವೇಷ ಹಾಕಿ ಸೇರಿ ವಿಶ್ವದಾಖಲೆ ಮಾಡಿದರು. ನಮ್ಮ ಫಸ್ಟ್ ಡೇ ಫಸ್ಟ್ ಷೋ ಗಲಾಟೆಗೆ ಕಡಿಮೆಯಿಲ್ಲ! ಸಿನಿಮಾದವರೂ ಬಿಟ್ಟಿಲ್ಲ. 2023ರಲ್ಲಿ ಆ ಹಡಗಿನ ಕ್ಯಾಪ್ಟನ್ ದಿನಚರಿಯೊಂದನ್ನೇ ಹಿಡಿದು ಒಂದು ಇಡೀ ಚಿತ್ರ ಬಂತು. 2024ರಲ್ಲಿ ‘ನೊಸ್ಫೆರಾಟು’ ಮತ್ತೆ ಹೊಸದಾಗಿ ತಯಾರಾಯಿತು. ಚಿತ್ರಗಳನ್ನು ನೋಡಿ, ಬೇಡ ಅನ್ನುವುದಿಲ್ಲ. ನನ್ನ ಅನ್ನವೇ ಅದು. ಆದರೆ ಪುಸ್ತಕದಲ್ಲಿರುವ ಹೆದರಿಕೆ ಬೇರೆ ಜಾತಿಯದು. ನಮ್ಮವರ ಹಾಸಿಗೆ ಪಕ್ಕ ಕೂತು, ಗಡಿಯಾರ ನೋಡುತ್ತಾ, ಬೆಳಕು ಹರಿಯಲಿ ಅಂತ ಕಾಯುವವನ ಹೆದರಿಕೆ ಅದು. ಅದನ್ನು ಬಲ್ಲದವರು ಯಾರಿದ್ದಾರೆ?

ಇಂಗ್ಲಿಷ್ ಬಾರದು ಅಂತ ಹಿಂಜರಿಯಬೇಡಿ. ದಿನಕ್ಕೆ ಹತ್ತು ಪುಟ, ಪಕ್ಕದಲ್ಲಿ ಒಂದು ಡಿಕ್ಷನರಿ, ಅಷ್ಟು ಸಾಕು. ಸ್ವೇಲ್ಸ್ ಮುದುಕನ ಹಳ್ಳಿ ಮಾತು ಮಾತ್ರ ಅರ್ಥವಾಗದಿದ್ದರೆ ದಾಟಿಸಿಬಿಡಿ. ಅಕ್ಕನ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಗೇ ಅರ್ಧ ಅರ್ಥವಾಗಲಿಲ್ಲ! ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಫುಟ್‌ಪಾತಿನಲ್ಲೂ ಅಗ್ಗಕ್ಕೆ ಸಿಗುತ್ತದೆ.

ಒಂದೇ ಎಚ್ಚರಿಕೆ. ನೈಟ್ ಬಸ್ಸಿನಲ್ಲಿ ಓದುವುದಾದರೆ ಕಿಟಕಿ ಪಕ್ಕದ ಸೀಟು ಬೇಡ. ನಡುರಾತ್ರಿ ಯಾರಾದರೂ ಗಾಜು ತಟ್ಟಿದರೆ, ಕಂಡಕ್ಟರೇ ಆಗಿರಲಿ, ‘ಬಾ’ ಅನ್ನುವ ಮುಂಚೆ ಎರಡು ಸಲ ಯೋಚಿಸಿ!